ಸೈಕಲ್ಲಿನ ಹಿಂದಿನ ದೀಪಕ್ಕೆ ವಿಭೂತಿ ಹಚ್ಚಿದವರು ಯಾರು?

ಈ ಸಂಗತಿಯನ್ನು ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಮುಂದೂಡಿದೆ. ಕಬ್ಬಿನ ಹಂಗಾಮು ಮುಗಿಯಲಿ ಅಂದೆ, ಮುಗಿಯಿತು. ಬಿಸಿಲು ಇಳಿಯಲಿ ಅಂದೆ, ಇಳಿಯಿತು. ಕಾಲುವೆಗೆ ನೀರು ಬಿಡಲಿ ಅಂದೆ, ಅದನ್ನೂ ಬಿಟ್ಟರು. ಇನ್ನು ಹೊಸ ನೆಪ ಹುಟ್ಟುತ್ತಿಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ. ತಪ್ಪು ಮಾಡುವುದಕ್ಕೆ ಯಾವ ತಯಾರಿಯೂ ಬೇಡ, ಒಪ್ಪಿಕೊಳ್ಳುವುದಕ್ಕೆ ಮಾತ್ರ ನೂರೆಂಟು ತಯಾರಿ ಬೇಕು ಎಂಬುದನ್ನು ಈ ವಯಸ್ಸಿಗೆ ಕಂಡುಕೊಂಡಿದ್ದೇನೆ.

ಮುಂದೂಡಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಬನಹಟ್ಟಿಯ ಸುತ್ತಮುತ್ತ ಸೈಕಲ್ಲಿನ ಹಿಂದಿನ ದೀಪದ ವಿಷಯದಲ್ಲಿ ಈಗ ನನ್ನ ಮಾತೇ ಕೊನೆಯ ಮಾತು. ರಬಕವಿಯಿಂದ ಬರುತ್ತಾರೆ, ಹುನ್ನೂರಿನಿಂದಲೂ ಒಬ್ಬರು ಬಂದಿದ್ದರು. "ಗುರಪ್ಪ ಕಾಕಾ, ಡಾಂಬರಿಗೂ ಬರಬೇಕು, ಹೊಲದ ದಾರಿಗೂ ಬರಬೇಕು, ಬಾಳಿಕಿನೂ ಬರಬೇಕು. ಎಂಥಾ ದೀಪ ತಗೊಳ್ಳೂಣ್ರಿ?" ಎಂದು ಕೇಳುತ್ತಾರೆ. ನಾನು ಕನ್ನಡಕ ಏರಿಸಿಕೊಂಡು, ಅವರ ಸೈಕಲ್ಲಿನ ಹಿಂಭಾಗವನ್ನು ವೈದ್ಯನಂತೆ ಮುಟ್ಟಿ ನೋಡಿ, ಆಮೇಲೆ ಶುರು ಮಾಡುತ್ತೇನೆ. ಹೈಸ್ಕೂಲು ಮುಗಿಸಿದ ಮೇಲೆ ನನ್ನನ್ನು ಯಾರೂ ಯಾವ ವಿಷಯಕ್ಕೂ ಸಲಹೆ ಕೇಳಿದವರಿಲ್ಲ. ಮುಪ್ಪಿನಲ್ಲಿ ಸಿಕ್ಕ ಪಾಂಡಿತ್ಯ ಇದೊಂದೇ. ಅದು ಎಲ್ಲಿಂದ ಬಂತು ಎಂದು ಹೇಳಿಬಿಟ್ಟರೆ ಪಂಡಿತನ ಗತಿ ಏನು?

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಿದರೆ ನನ್ನ ಗುಣ ನಿಮಗೆ ತಿಳಿದೀತು. ಬನಹಟ್ಟಿಯ ಒಂದು ಸೀರೆ ಗೋದಾಮಿನಲ್ಲಿ, ಮಗ್ಗದಿಂದ ಬಂದ ಸೀರೆಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದೆಯೇ, ಅಂಚು ಸೊಟ್ಟಗಿದೆಯೇ ಎಂದು ನೋಡಿ ಮಡಿಕೆ ಹಾಕುವುದು ನನ್ನ ಉದ್ಯೋಗ. ಅಂದರೆ ಇಡೀ ಆಯುಷ್ಯ ಬೇರೆಯವರ ತಪ್ಪು ಹುಡುಕಿ ರೊಟ್ಟಿ ತಿಂದವನು. ಇಂಥವನಿಗೆ ತನ್ನ ತಪ್ಪು ಕಾಣುವುದಿಲ್ಲ ಎಂದೇನೂ ಅಲ್ಲ. ಚೆನ್ನಾಗಿಯೇ ಕಾಣುತ್ತದೆ. ಆದರೆ ಕಂಡ ಕೂಡಲೇ ಅದನ್ನು ಒಳಮಡಿಕೆಗೆ ಸೇರಿಸುವ ಕೈಚಳಕವೂ ಬಂದಿರುತ್ತದೆ.

ಮನೆ ಊರ ಹೊರಗೆ, ತೋಟದಲ್ಲಿ. ತೋಟದಿಂದ ಜಮಖಂಡಿ ರಸ್ತೆಗೆ ಸೇರುವವರೆಗೆ ಚಕ್ಕಡಿ ದಾರಿ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಬ್ಬು, ಕಾಲ ಕೆಳಗೆ ಎರೆಮಣ್ಣು. ಕಬ್ಬಿಗೆ ನೀರು ಹಾಯಿಸುವವರ ಕೃಪೆಯಿಂದ ಈ ದಾರಿಗೆ ಬೇಸಿಗೆ ಎಂಬುದೇ ಇಲ್ಲ. ಒಣಗಿದ ದಿನ ಸೈಕಲ್ ನನ್ನನ್ನು ಹೊರುತ್ತದೆ, ಕೆಸರಾದ ದಿನ ನಾನು ಸೈಕಲ್ಲನ್ನು ಹೊರುತ್ತೇನೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಆಗಿ ಬಂದಿದ್ದೇವೆ. ಮೋಟಾರು ಸೈಕಲ್ ಕಲಿಯಲು ಒಮ್ಮೆ ಹೋಗಿದ್ದೆ. ಕಲಿಸಲು ಬಂದವರು ಆಸೆ ಬಿಟ್ಟರು.

ಹೋದ ಸಲದ ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳನ್ನು ತೊಳೆದು ಪೂಜೆ ಮಾಡುವ ಪದ್ಧತಿ. ಲಾರಿಯಾಗಲಿ ಸೈಕಲ್ಲಾಗಲಿ, ವಿಭೂತಿ (ನಮ್ಮ ಬಾಯಲ್ಲಿ ಇಬತ್ತಿ), ಕುಂಕುಮ, ಊದಿನಕಡ್ಡಿ, ನಿಂಬೆಹಣ್ಣು ತಪ್ಪುವುದಿಲ್ಲ. ಪ್ರತಿ ಸಲ ನಮ್ಮ ಮನೆಯವಳೇ ಮಾಡುತ್ತಿದ್ದಳು. ಆ ಅಮಾವಾಸ್ಯೆ ಅವಳು ಹೋಳಿಗೆಯ ಗಡಿಬಿಡಿಯಲ್ಲಿದ್ದಳಾದ್ದರಿಂದ ನಾನೇ ಮಾಡಿದೆ. ಹ್ಯಾಂಡಲ್ಲಿಗೆ ಹಚ್ಚಿದೆ, ಸೀಟಿಗೆ ಹಚ್ಚಿದೆ, ಕ್ಯಾರಿಯರಿಗೆ ಹಚ್ಚಿದೆ. ಹಿಂದಿನ ಮಡ್‌ಗಾರ್ಡಿನ ಮೇಲೆ ದುಂಡಗೆ ಕೆಂಪಗೆ ಕುಳಿತಿದ್ದ ದೀಪ ಕಣ್ಣಿಗೆ ಬಿತ್ತು. ಇಷ್ಟು ದಿನ ಇದನ್ನು ಯಾರೂ ಮಾತಾಡಿಸಿಲ್ಲವಲ್ಲ ಎಂದು ಕನಿಕರ ಬಂದು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ದಪ್ಪಗೆ ಎಳೆದೆ. ತೆಳುವಾಗಿ ಕಂಡಿತು. ಇನ್ನೊಮ್ಮೆ ಎಳೆದೆ. ನಡುವೆ ಕುಂಕುಮ ಇಟ್ಟೆ. ಒಣಗಿದ ಮೇಲೆ ಅದು ಸುಣ್ಣ ಹೊಡೆದ ಗೋಡೆಯಂತಾಯಿತು.

ಮರುದಿನ ಮುಸ್ಸಂಜೆ ಗೋದಾಮಿನಿಂದ ಹೊರಟೆ. ದೀಪದ ಗುಂಡಿ ಒತ್ತಿಯೇ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡದವರಿಗೆ ಹೇಳಬೇಕು: ಹಿಂದೆ ಜೋಡಿ ಟ್ರೇಲರು, ಅವುಗಳ ಮೇಲೆ ಆಳೆತ್ತರ ಮೀರಿದ ಕಬ್ಬು, ಮುಂದೆ ಡೆಕ್ಕು, ಡೆಕ್ಕಿನಲ್ಲಿ ಹಾಡು. ಆ ಹಾಡಿಗೆ ರಸ್ತೆಬದಿಯ ಬೇವಿನ ಮರವೂ ನಡುಗುತ್ತದೆ, ನನ್ನ ಸೈಕಲ್ಲಿನ ಗಂಟೆ ಯಾವ ಲೆಕ್ಕ. ಬೆನ್ನ ಹಿಂದೆ ಹಾಡು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಆಮೇಲೆ ಬ್ರೇಕು ಕಿರುಚಿತು. ನಾನು ಸೈಕಲ್ ಸಮೇತ ರಸ್ತೆಬದಿಯ ನೀರಿನ ಗಟಾರದಲ್ಲಿದ್ದೆ.

ಟ್ರ್ಯಾಕ್ಟರ್ ಹೊಡೆಯುವ ಬೀರಪ್ಪ ಹಾರಿ ಇಳಿದು ಬಂದ. ನಮ್ಮ ಕಡೆಯ ಹೊಲಗಳಿಗೇ ಕಬ್ಬು ಹೇರಲು ಬರುವ ಹುರುಪಿನ ಆಳು.

"ಯಜಮಾನ್ರ, ಜೀವ ಐತಿಲ್ರಿ?"

"ಐತಪಾ. ಊಟದ ಡಬ್ಬಿ ಎಲ್ಲಿ ಹೋತು ನೋಡು."

"ಡಬ್ಬಿ ಹಾಳಾಗಿ ಹೋಗ್ಲಿ. ಹಿಂದ ದೀಪ ಇಲ್ದ ಹ್ಯಾಂಗ ಬರ್ತೀರಿ? ನಾ ಯಾವುದೋ ಎಮ್ಮಿಕರ ನಿಂತೈತಿ ಅನ್ಕೊಂಡೆ."

"ಯಾರ ಅಂದಾರ ದೀಪ ಇಲ್ಲಂತ? ಉರಿಯಾಕತ್ತೈತಿ ನೋಡು!"

ಬೀರಪ್ಪ ಬಗ್ಗಿ ಉಗುರಿನಿಂದ ಕೆರೆದ. ಕೆರೆದಷ್ಟು ಜಾಗದಲ್ಲಿ ಒಂದು ಕೆಂಪು ಗೆರೆ ಮೂಡಿತು. ಪಾಪ, ದೀಪ ಒಳಗೆ ಪ್ರಾಮಾಣಿಕವಾಗಿ ಉರಿಯುತ್ತಿತ್ತು. "ಯಪ್ಪಾ! ಇದಕ್ಕ ಈ ಪರಿ ಇಬತ್ತಿ ಬಡದಾರು ಯಾರ್ರಿ?" ಎಂದು ಕೂಗಿದ. ಅಷ್ಟರಲ್ಲಿ ಜನ ಸೇರಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಧೋತರದಿಂದ ನೀರು ಸೋರುತ್ತಿದೆ. ಆ ಕ್ಷಣದಲ್ಲಿ ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು: "ನಮ್ಮ ಮನಿಯಾಕಿ. ಅಕಿಗಿ ಭಕ್ತಿ ಸ್ವಲ್ಪ ಜಾಸ್ತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೀರಪ್ಪ ನನ್ನನ್ನೂ ಸೈಕಲ್ಲನ್ನೂ ಕಬ್ಬಿನ ಮೇಲೆ ಏರಿಸಿಕೊಂಡು, ಹಾಡು ಹಚ್ಚಿ, ತೋಟದ ದಾರಿಯ ಬಾಯಿಗೆ ತಂದು ಇಳಿಸಿದ. ಸುದ್ದಿ ನನಗಿಂತ ಮೊದಲೇ ಇಳಿದಿತ್ತು. ಮರುದಿನ ಕಾಲುವೆಗೆ ಬಟ್ಟೆ ಒಗೆಯಲು ಹೋದ ನಮ್ಮ ಮನೆಯವಳನ್ನು ಅಲ್ಲಿದ್ದ ಹೆಣ್ಣುಮಕ್ಕಳು ಸುತ್ತುಗಟ್ಟಿದರಂತೆ. "ಏನಬೇ ಕಾಕು, ಕಾಕಾನ ಸೀದಾ ಕೈಲಾಸಕ್ಕ ಕಳಸಾಕ ಇಬತ್ತಿ ಹಚ್ಚಿದ್ದೇನ?" ಅವಳು ಮನೆಗೆ ಬಂದು, ಒದ್ದೆ ಬಟ್ಟೆಯ ಗಂಟು ಇಳಿಸಿ, ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದಳು: "ಇಬತ್ತಿ ನಾ ಹಚ್ಚಿದ್ನೇನ್ರಿ?"

ನಾನು ಜಂತಿಯನ್ನು ನೋಡಿದೆ. ಅಲ್ಲಿ ಗುಬ್ಬಿ ಗೂಡು ಕಟ್ಟಿದೆಯೇ ಎಂದು ಪರೀಕ್ಷಿಸಿದೆ. ಆಮೇಲೆ ಚಹಾ ಕೇಳಿದೆ. ಚಹಾ ಬಂತು, ಜೊತೆಗೆ ಅಪ್ಪಣೆಯೂ ಬಂತು. "ಕೇಳ್ರಿ. ಎಳ್ಳಮಾಸಿಯೊಳಗ ಗಟ್ಟಿ ದೀಪ ಒಂದು ಹಾಕ್ಕೋರಿ. ಇಲ್ಲಂದ್ರ ಸೈಕಲ್ ಗುಜರಿಗಿ, ನೀವು ಧರಣಪ್ಪನ ಸ್ಕೂಟರಿಗಿ." ಎಳ್ಳಮಾವಾಸ್ಯೆ ಬಹಳ ದೂರವಿರಲಿಲ್ಲ.

ಧರಣಪ್ಪ ನನ್ನ ಜೊತೆ ಗೋದಾಮಿನಲ್ಲಿ ಕೆಲಸ ಮಾಡುವವನು, ಪಕ್ಕದ ತೋಟದವನು, ತೇರದಾಳ ಕಡೆಯ ಜೈನ ಮನೆತನದ ಸಭ್ಯಸ್ಥ. ಎಷ್ಟು ಸಭ್ಯಸ್ಥನೆಂದರೆ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡಿಯೇ ಮಾತಾಡುತ್ತಾನೆ. ಸ್ಕೂಟರಿನಲ್ಲಿ ನೀವು ಅವನ ಹಿಂದೆ ಕುಳಿತಿದ್ದರೂ ಈ ನಿಯಮ ಬದಲಾಗುವುದಿಲ್ಲ. ಬನಹಟ್ಟಿ ಮುಟ್ಟುವವರೆಗೆ ಅವನು ನನ್ನನ್ನು ನೋಡುತ್ತಾನೆ, ನಾನು ರಸ್ತೆಯನ್ನು ನೋಡಿ ಅವನಿಗೆ ವರದಿ ಕೊಡುತ್ತೇನೆ. ಹೀಗೆ ನನ್ನ ಸೈಕಲ್ ಪಣಕ್ಕೆ ಬಿತ್ತು. ಮನೆಯವಳ ಮಾನ ಅದಕ್ಕಿಂತ ಮೊದಲೇ ಗಟಾರಕ್ಕೆ ಬಿದ್ದಿತ್ತು. ನನಗೆ ಆಗ ಸೈಕಲ್ಲಿನ ಚಿಂತೆಯೊಂದೇ.

ಮೊದಲು ಜಮಖಂಡಿಗೆ ಹೋಗಿ ರಬ್ಬರ್ ಪಟ್ಟಿಯಿಂದ ಸಿಕ್ಕಿಸುವ ದೀಪ ತಂದೆ. ಡಾಂಬರಿನ ಮೇಲೆ ಬಂಗಾರದಂಥ ದೀಪ. ಚಕ್ಕಡಿ ದಾರಿಗೆ ಇಳಿದ ಕೂಡಲೇ ಅದಕ್ಕೆ ತಲೆತಿರುಗು ಬಂತು. ಒಂದು ತಗ್ಗಿಗೆ ಆರುತ್ತಿತ್ತು, ಮುಂದಿನ ದಿಬ್ಬಕ್ಕೆ ಹೊತ್ತುತ್ತಿತ್ತು. ಕೆಲವು ದಿನ ಹೀಗೆ ಬಾಳಿ, ಒಂದು ಸಂಜೆ ಪಟ್ಟಿ ಕಳಚಿ ಕಬ್ಬಿನೊಳಗೆ ಹಾರಿತು. ಹುಡುಕುವಾಗ ಆರಿತ್ತು, ಸಿಗಲಿಲ್ಲ. ಮರುದಿನ ಕಬ್ಬು ಕಡಿಯುವ ಗ್ಯಾಂಗಿನವರು ಆ ಕಬ್ಬಿನ ಪಡದೊಳಗೆ ಕಾಲಿಡಲು ಒಪ್ಪಲಿಲ್ಲ. ಒಳಗೆ ಏನೋ ಕೆಂಪಗೆ ಕಣ್ಣು ಪಿಳಿಪಿಳಿ ಬಿಡುತ್ತಿದೆಯಂತೆ. ಅದು ನನ್ನದೇ ಕಣ್ಣು ಎಂದು ನಾನು ಹೇಳಲಿಲ್ಲ. ಹೇಳದೆ ಇರುವುದು ಅಷ್ಟರಲ್ಲಿ ರೂಢಿಯಾಗಿತ್ತು.

ಅದಾದ ಮೇಲೆ ಮುಧೋಳ. ಮಗಳ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋದವರು, ಗಂಡ ಹೆಂಡತಿ ಇಬ್ಬರೂ ಅಲ್ಲಿಯ ಸೈಕಲ್ ಅಂಗಡಿ ಹೊಕ್ಕೆವು. ಅಂಗಡಿಯವನು ಮಾತಿನ ಮಲ್ಲ. ಬೆರಳಿನಷ್ಟು ತೆಳ್ಳಗಿನ, ಸೀಟಿನ ಕೆಳಗಿನ ಕೊಳವೆಗೆ ಕೂರಿಸುವ ದೀಪ ತೆಗೆದು ತೋರಿಸಿದ. "ಪರದೇಶದಾಗ ಗುಡ್ಡ ಹತ್ತೋ ಸೈಕಲ್ಲಿಗೆ ಇದನ್ನ ಹಾಕ್ತಾರ್ರಿ ಯಜಮಾನ್ರ," ಅಂದ. ಗುಡ್ಡ ಹತ್ತುವವರು ಧೋತರ ಉಡುವುದಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಇತ್ತ ನಮ್ಮ ಮನೆಯವಳು ಮೂಲೆಯ ಡಬ್ಬಿಯಿಂದ ಒಂದು ಕುರೂಪಿ ದೀಪವನ್ನು ಎತ್ತಿಕೊಂಡಿದ್ದಳು. ದಪ್ಪ, ಭಾರ, ಸುತ್ತಲೂ ಕರಿ ರಬ್ಬರಿನ ಅಂಚು, ಹಿಂದೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಜೋಡಿ ಬೋಲ್ಟು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಡಿದು ಸಪ್ಪಳ ಕೇಳುತ್ತಾರಲ್ಲ, ಹಾಗೆ ಬೆರಳ ಗಿಣ್ಣಿನಿಂದ ಬಡಿದು ಕಿವಿ ಕೊಟ್ಟಳು. ಪಟ್ಟಿಯನ್ನು ಜಗ್ಗಿ ನೋಡಿದಳು. ಚಾರ್ಜಿನ ತೂತಿಗೆ ಮುಚ್ಚಿದ ರಬ್ಬರನ್ನು ಕುಕ್ಕರಿನ ರಬ್ಬರ್ ನೋಡುವಂತೆ ಹಿಚುಕಿದಳು. ಆಮೇಲೆ ದೀಪ ಹಚ್ಚಿ, ಅಂಗಡಿಯವನು ಪಂಕ್ಚರ್ ನೋಡಲು ಇಟ್ಟಿದ್ದ, ನೀರು ತುಂಬಿದ ಕಬ್ಬಿಣದ ಬುಟ್ಟಿಯೊಳಗೆ ಸೀದಾ ಮುಳುಗಿಸಿಬಿಟ್ಟಳು.

"ಅವ್ವಾರ, ಅವ್ವಾರ! ಅದು ತಾಟಲ್ಲರಿ ತೊಳಿಯಾಕ!" ಎಂದು ಅಂಗಡಿಯವನು ಎದ್ದು ನಿಂತ.

"ಮಳಿ ನಿನ್ನ ಕೇಳಿ ಬರತೈತೇನಪಾ?" ಎಂದಳು. ನೀರೊಳಗೆ ದೀಪ ನಿಗಿನಿಗಿ ಉರಿಯುತ್ತಿತ್ತು. ನನ್ನ ಕಡೆ ತಿರುಗಿ, "ಇದನ್ನ ತಗೋರಿ. ಸೀಟಿನ ಕೆಳಗ ಬ್ಯಾಡ, ಮಡ್‌ಗಾರ್ಡಿಗೂ ಬ್ಯಾಡ, ಕ್ಯಾರಿಯರಿನ ತುದಿಗಿ ಬಿಗೀರಿ. ಅಲ್ಲೆ ಕೆಸರೂ ಹಾರೂದಿಲ್ಲ, ಉಟ್ಟ ಅರಿವೀನೂ ಮ್ಯಾಲ ಬೀಳೂದಿಲ್ಲ," ಎಂದಳು.

ಅಂಗಡಿಯಲ್ಲಿದ್ದವರು ನಗುತ್ತಿದ್ದರು. ಆ ನಗು ಅವಳ ಮೇಲಿನದಲ್ಲ, ಮೆಚ್ಚುಗೆಯದು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಮೈಯೆಲ್ಲ ಉರಿಯಿತು. "ಸುಮ್ನಿರ ಸಾಕು. ನಿನಗೇನ ತಿಳಿತೈತಿ ದೀಪದಾಗ? ಅದಕ್ಕ ಇಬತ್ತಿ ಬಡಿಯೂದೊಂದ ಗೊತ್ತು!" ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಸುಳ್ಳನ್ನು ಕೆಲವು ವಾರ ಬಳಸಿದರೆ ಅದು ಮೈಗೆ ಒಗ್ಗಿದ ಅಂಗಿಯಂತಾಗುತ್ತದೆ, ಯಾರಿಂದ ತಂದೆವೆಂಬುದೇ ಮರೆತುಹೋಗುತ್ತದೆ. ಅವಳು ದೀಪವನ್ನು ನೀರಿನಿಂದ ತೆಗೆದು, ಸೆರಗಿನಿಂದ ಒರೆಸಿ, ಅದರ ಜಾಗದಲ್ಲಿಟ್ಟು, ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತಳು. ನಾನು ತೆಳ್ಳಗಿನ ಸುಂದರಿಯನ್ನು ಕೊಂಡುಕೊಂಡೆ.

ಸುಂದರಿಯ ಕಥೆ ಬೇಗ ಮುಗಿಯಿತು. ಸೀಟಿನ ಕೆಳಗೆ ದೀಪ, ಸೀಟಿನ ಮೇಲೆ ನಾನು, ನಡುವೆ ನನ್ನ ಧೋತರದ ಸೆರಗು ಇಳಿಬಿದ್ದಿದೆ. ದೀಪದ್ದೋ ಜೋರು ಬೆಳಕು, ಅದೂ ಸಾಲದೆಂದು ಭರಭರ ಮಿನುಗುತ್ತದೆ. ಕಾಲುವೆಯ ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಹೆಂಗಸೊಬ್ಬಳು, "ಯವ್ವಾ, ಕಾಕಾನ ಧೋತರಕ್ಕ ಉರಿ ಹತ್ತೈತಿ!" ಎಂದು ಚೀರಿದಳು. ಯಾರ ಉರಿ, ಎಲ್ಲಿಯ ಉರಿ ಎಂದು ತಿರುಗಿ ನೋಡುವುದರೊಳಗೆ ತುಂಬಿದ ಕೊಡವೊಂದು ನನ್ನ ಬೆನ್ನ ಮೇಲೆ ಖಾಲಿಯಾಯಿತು. ಕಾಲುವೆಯ ಹೆಣ್ಣುಮಕ್ಕಳ ಪರೋಪಕಾರ ಅಲ್ಲಿಗೇ ನಿಲ್ಲಲಿಲ್ಲ, ಇನ್ನೊಂದು ಕೊಡ ಬಂತು. ನಾನು ಬದುಕಿದೆ, ಸುಂದರಿ ಒಳಗೆ ನೀರು ಕುಡಿದು ಸತ್ತಳು.

ಒದ್ದೆಯಾಗಿಯೇ ಮನೆ ಮುಟ್ಟಿದೆ. ಒಣ ಧೋತರ ಸಿಕ್ಕಿತು, ಅಷ್ಟೇ. ಬೈದಿದ್ದರೆ ಜೀವಕ್ಕೆ ಹಾಯೆನಿಸುತ್ತಿತ್ತು. ಮರುದಿನ ಗೋದಾಮಿಗೆ ಹೋಗುತ್ತೇನೆಂದು ಹೇಳಿ ಬಸ್ಸು ಹಿಡಿದು ಮುಧೋಳಕ್ಕೆ ಹೋದೆ. ಅಂಗಡಿಯವನು ನನ್ನನ್ನು ನೋಡಿದವನೇ ಹಿಂದೆ ಇಣುಕಿ, "ಅವ್ವಾರು ಬಂದಿಲ್ಲೇನ್ರಿ?" ಎಂದು ಕೇಳಿದ. ನಾನು ಕುರೂಪಿಯತ್ತ ಬೆರಳು ಮಾಡಿದೆ. "ನಿಮ್ಮನ್ನ ನೋಡಿ ಅಲ್ಲರಿ, ಅವರನ್ನ ನೋಡಿ ಮಾರದ ಇಟ್ಟಿದ್ದೆ," ಎಂದು ನಗುತ್ತ ಕಟ್ಟಿಕೊಟ್ಟ. ಬನಹಟ್ಟಿಗೆ ಮರಳಿ, ಬಸ್ ನಿಲ್ದಾಣದಲ್ಲಿ ಬಿಟ್ಟಿದ್ದ ಸೈಕಲ್ಲಿನ ಕ್ಯಾರಿಯರಿನ ತುದಿಗೆ ಬೋಲ್ಟು ಹಾಕಿ ಬಿಗಿದೆ. ಮನೆಗೆ ಬಂದು, "ಜಮಖಂಡ್ಯಾಗ ಎಲ್ಲಾ ಅಂಗಡಿ ತಿರುಗಿ, ವಿಚಾರ ಮಾಡಿ ಆರಿಸಿದೆ," ಎಂದೆ. ಅವಳು ಹತ್ತಿರ ಬಂದು, ಗಿಣ್ಣಿನಿಂದ ಒಮ್ಮೆ ಬಡಿದಳು. "ಛಲೋ ಐತಿ," ಎಂದಳು. ಗುರುತು ಸಿಕ್ಕಿತ್ತು ಎಂಬುದು ಅವಳ ಕಣ್ಣಿನಲ್ಲಿತ್ತು. ಒಂದೇ ತಿದ್ದುಪಡಿ ಹೇಳಿದಳು. ನಾನು ಅದನ್ನು ಮಿನುಗಲು ಬಿಟ್ಟಿದ್ದೆ. "ಈ ವಯಸ್ಸಿನ್ಯಾಗ ಹಿಂದ ಬಂದಾರಿಗೆಲ್ಲ ಕಣ್ಣ ಹೊಡಕೋತ ಹೋಗ್ತೀರೇನ? ಒಂದೇ ಸವನ ಉರಿಯೂ ಹಂಗ ಮಾಡ್ರಿ." ಮಾಡಿದೆ.

ಈಗ ನನ್ನ ವಿಜಯದ ಕಥೆ. ಎಳ್ಳಮಾವಾಸ್ಯೆಯ ಹಿಂದಿನ ಸಂಜೆ. ಹೊತ್ತು ಮುಳುಗಿ ಕಣ್ಣು ಮಸುಕಾಗುವ ಸಮಯ. ಚಕ್ಕಡಿ ದಾರಿಯ ಬಾಯಿಯಲ್ಲಿ ಬೀರಪ್ಪನ ಟ್ರ್ಯಾಕ್ಟರ್ ಖಾಲಿ ಟ್ರೇಲರುಗಳನ್ನು ಕಟ್ಟಿಕೊಂಡು ನಿಂತಿತ್ತು. ಮುಂದಿನ ಲೈಟಿನ ವೈರನ್ನು ಇಲಿ ಕಡಿದಿತ್ತು. ಮೊಬೈಲಿನ ಬೆಳಕು ಹಿಡಿಯಬಾರದೇ ಎಂದರೆ ಮೊಬೈಲು ಡೆಕ್ಕಿಗೆ ಹಾಡು ಹಾಡಿಸುತ್ತಿತ್ತು, ಹಾಡು ನಿಂತರೆ ತನ್ನ ಕೈಗೆ ಸ್ಟೇರಿಂಗ್ ಬಗ್ಗುವುದಿಲ್ಲ ಎಂದು ಬೀರಪ್ಪ. ನಮ್ಮ ಪಕ್ಕದ ಹೊಲದಲ್ಲಿ ಕಡಿದಿಟ್ಟ ಕಬ್ಬು ಕಾಯುತ್ತಿತ್ತು.

"ಯಜಮಾನ್ರ, ನಿಲ್ರಿ, ನೀವು ದಾಟಿ ದೂರ ಹೋದ್ರೂ ನಿಮ್ಮ ದೀಪ ಕಾಣತೈತಿ ನೋಡ್ರಿ," ಎಂದ. "ಅಕ್ಕಪಕ್ಕನೂ ಬೆಳಕ ಬೀಳಾಕತ್ತೈತಿ. ನೀವು ದಾರಿ ನಡುಮಧ್ಯ ಹಿಡದು ಮುಂದ ನಡೀರಿ. ನಾ ಅದರ ಗುರಿಲೆ ಬರ್ತೀನಿ. ಅದು ಕಾಲುವಿಗಿ ಬಿದ್ರ ಮಾತ್ರ ನಾ ಕಾಲುವಿಗಿ ಬೀಳ್ತೀನಿ."

ಸೈಕಲ್ ಏರಿ ಹೊರಟೆ. ಅಲ್ಲಲ್ಲಿ ಕೆಸರಿತ್ತು, ತಗ್ಗಿತ್ತು, ಬಾಗಿದ ಕಬ್ಬಿನ ಒಣಗರಿಯ ರವದಿ ಒಂದು ಕಡೆಯಿಂದ ಕೆರೆಯುತ್ತಿತ್ತು. ದೀಪ ಅಲುಗಲಿಲ್ಲ, ಆರಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಯಾವ ಟ್ರ್ಯಾಕ್ಟರ್ ನನ್ನನ್ನು ಗಟಾರಕ್ಕೆ ಕೆಡವಿತ್ತೋ ಅದೇ ಟ್ರ್ಯಾಕ್ಟರ್ ಕರುವಿನಂತೆ ನನ್ನ ಹಿಂದೆ ಹಿಂದೆ ಬರುತ್ತಿತ್ತು, ಅದೂ ಬಾಜಾ ಬಜಂತ್ರಿಯೊಂದಿಗೆ. ಮದುವೆಯ ದಿನ ಕೂಡ ನನಗೆ ಇಂಥ ಮೆರವಣಿಗೆ ಆಗಿರಲಿಲ್ಲ. ಗುಡಿಸಲುಗಳಿಂದ ಗ್ಯಾಂಗಿನವರು ಹೊರಬಂದು ಸಿಳ್ಳೆ ಹೊಡೆದರು. ನಾನು ಬೆನ್ನು ನೆಟ್ಟಗೆ ಮಾಡಿ ಪೆಡಲು ತುಳಿದೆ. ತೋಟದ ಮುಂದೆ ಇಳಿದಾಗ ಧರಣಪ್ಪ ಓಡಿಬಂದು, ಮುಖವನ್ನೇ ನೋಡುತ್ತ, "ಗುರಪ್ಪಾ, ಸೈಕಲ್ ಅಂದ್ರ ಇದೋ! ಎಲ್ಲಿ ಸಿಕ್ತು ಈ ದೀಪ?" ಎಂದು ಕೇಳಿದ.

ನನ್ನ ಮೊದಲ ಉಪನ್ಯಾಸ ಅಲ್ಲೇ ಆಯಿತು. ದೀಪ ಕೊಳ್ಳುವಾಗ ಚಂದ ನೋಡಬೇಡಿ, ಬೋಲ್ಟು ನೋಡಿ ಎಂದೆ. ರಬ್ಬರಿನ ಅಂಚು ಹಿಚುಕಿ ನೋಡಿ, ಬಡಿದು ಕಿವಿಗೊಡಿ, ನೀರಿನಲ್ಲಿ ಮುಳುಗಿಸಿ ನೋಡಿ, ಕ್ಯಾರಿಯರಿನ ತುದಿಗೇ ಹಾಕಿ ಎಂದೆ. ಒಂದೊಂದು ಮಾತೂ ಅವಳದು. ಅವಳು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆಗ ಕಾಲುವೆಯ ಬಳಗದ ಹೆಣ್ಣುಮಗಳೊಬ್ಬಳು, "ಕಾಕಾ, ಈ ದೀಪಕ್ಕರೆ ಕಾಕುನ ಕೈಲೆ ಇಬತ್ತಿ ಹಚ್ಚಸಬ್ಯಾಡ್ರಿ ಮತ್ತ!" ಎಂದು ಕೂಗಿದಳು. ನಗೆಯೋ ನಗೆ. ಆ ಕ್ಷಣ ನನ್ನ ಕೈಯಲ್ಲಿತ್ತು. ಊರೆಲ್ಲ ನನ್ನ ಮಾತು ಕೇಳುತ್ತಿತ್ತು. ನಾನು, "ಹೂಂ, ಹೂಂ," ಎಂದೆ. ಅವಳು ತಂಬಿಗೆಯನ್ನು ಬೀರಪ್ಪನ ಕೈಗೆ ಕೊಟ್ಟು ಒಳಗೆ ಹೋದಳು.

ಮರುದಿನ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕುಳಿತೆವು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹಾಗೇ ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಹಾಕಿ ಒಡಪು ಕಟ್ಟಿ ಹೇಳಬೇಕು. ಹೆಣ್ಣುಮಕ್ಕಳು ಹಟ ಹಿಡಿದರು. ಅವಳು ಒಂದು ಗಳಿಗೆಯೂ ಯೋಚಿಸದೆ ಹೇಳಿದಳು: "ಎಳ್ಳ ಹಚ್ಚಿದ ಸಜ್ಜಿ ರೊಟ್ಟಿಗಿ ಎಣ್ಣಿ ಬದನಿಕಾಯಿ ಒಪ್ಪ, ಟ್ರ್ಯಾಕ್ಟರಿಗಿ ದಾರಿ ತೋರಿಸಿದಾರು ನಮ್ಮ ಯಜಮಾನ್ರು ಗುರಪ್ಪ." ಚಪ್ಪಾಳೆ ಬಿತ್ತು. ಈಗ ಕಾಕಾ ಹೇಳಲಿ ಎಂದರು. ನಾನು ಇಡೀ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡೆ. ಅದನ್ನು ನುಂಗಿ ಮುಗಿಸುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿದ್ದರು.

ಸೈಕಲ್ ಉಳಿಯಿತು, ಕೀರ್ತಿ ಬಂತು, ಧರಣಪ್ಪನ ಸ್ಕೂಟರಿನಿಂದ ಜೀವವೂ ಉಳಿಯಿತು. ದೀಪ ಒಂದು ಬೇಸಿಗೆ, ಅರ್ಧ ಮಳೆಗಾಲ ದಾಟಿ ಇನ್ನೂ ಉರಿಯುತ್ತಿದೆ. ಈಗಷ್ಟೇ ಅವಳು ಹಿಂದೆ ಬಂದು ನಿಂತು, "ಏನ ಬರಿಯಾಕತ್ತೀರಿ ಮುಂಜಾನಿಂದ?" ಎಂದು ಕೇಳಿದಳು. "ದೀಪದ ಸುದ್ದಿ," ಎಂದೆ. ಅದೂ ಸುಳ್ಳಲ್ಲ. ಅವಳಿಗೆ ಓದಲು ಬಾರದು, ಆದರೆ ಕಾಲುವೆಯ ಹೆಣ್ಣುಮಕ್ಕಳಿಗೆ ಬರುತ್ತದೆ. ಅವರು ಇದನ್ನು ಗಟ್ಟಿಯಾಗಿ ಓದಲಿ, ಎಲ್ಲರಿಗೂ ಕೇಳಿಸುವಂತೆ ಓದಲಿ. ಬಾಯಲ್ಲಿ ರೊಟ್ಟಿ ಇಲ್ಲದ ಹೊತ್ತಿನಲ್ಲಿ ಕಟ್ಟಿದ ಒಡಪು ಇದು:

ಇಬತ್ತಿ ಬಡದು ದೀಪ ಮುಚ್ಚಿದಾಂವ, ಸುಳ್ಳ ಹೇಳಿ ನಕ್ಕಾಂವ ನಾನವ್ವ. ಬೈಸಿಕೊಂಡೂ ಬಾಳಿಕಿ ದೀಪ ಆರಿಸಿ ಕೊಟ್ಟಾಕಿ ನನ್ನ ಹೇಣ್ತಿ ಕಾಶವ್ವ.